ಉಬ್ಬಿದ ಬ್ಯಾಟರಿ, ಹತ್ತು ದಿನ, ಒಂದು ಸಂದರ್ಶನ

ಸಂದರ್ಶನಕ್ಕೆ ಹೊರಡಲು ಇನ್ನು ಹತ್ತು ದಿನ ಉಳಿದಿದ್ದಾಗ ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೈಕೊಟ್ಟಿತು. ಬೆರಳು ಸರಿಸಿದರೆ ಪರದೆಯ ಮೇಲಿನ ಬಾಣ ಸರಿಯುತ್ತಿತ್ತು, ಆದರೆ ಒತ್ತಿದಾಗ ಕೇಳಿಸುತ್ತಿದ್ದ ಟಕ್ ಎಂಬ ಸದ್ದು ಇರಲಿಲ್ಲ. ಧೂಳು ಸೇರಿರಬಹುದೆಂದು ಅಂಚುಗಳನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿದೆ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಹೊಸದಾಗಿ ಹಾಕಿದೆ, ಎರಡು ಸಲ ಆರಿಸಿ ಮತ್ತೆ ಚಾಲೂ ಮಾಡಿದೆ. ಮರುದಿನ ಬೆಳಿಗ್ಗೆ ಅದನ್ನು ಮೇಜಿನ ಮೇಲಿಟ್ಟು ಟೈಪ್ ಮಾಡಲು ಕುಳಿತಾಗ ಯಂತ್ರ ತೊಟ್ಟಿಲಿನಂತೆ ಅತ್ತಿತ್ತ ತೂಗತೊಡಗಿತು. ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿದೆ. ತಳದ ಮುಚ್ಚಳ ನಡುಭಾಗದಲ್ಲಿ ಸುಮಾರು ಅರ್ಧ ಸೆಂಟಿಮೀಟರಿನಷ್ಟು ಉಬ್ಬಿಕೊಂಡಿತ್ತು, ಎರಡು ಸ್ಕ್ರೂಗಳ ನಡುವೆ ಬಾಯಿಬಿಟ್ಟ ಸಂದಿಯಲ್ಲಿ ಬೆಳ್ಳಿಬಣ್ಣದ ಚೀಲದ ಅಂಚು ಕಾಣುತ್ತಿತ್ತು. ಟಚ್‌ಪ್ಯಾಡಿನಲ್ಲಿ ದೋಷವೇ ಇರಲಿಲ್ಲ. ಕೆಳಗಿದ್ದ ಬ್ಯಾಟರಿ ಉಬ್ಬಿ ಅದನ್ನು ಮೇಲಕ್ಕೆ ಒತ್ತಿ ಹಿಡಿದದ್ದರಿಂದ ಕೆಳಕ್ಕೆ ಒತ್ತಲು ಜಾಗವೇ ಉಳಿದಿರಲಿಲ್ಲ.

ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಅದು ಏಕೆ ಉಬ್ಬುತ್ತದೆ ಎಂಬುದನ್ನು ಓದಿ ತಿಳಿದದ್ದು ಆ ಬೆಳಿಗ್ಗೆಯೇ. ಒಳಗೆ ವಿದ್ಯುದಾವೇಶವನ್ನು ಸಾಗಿಸುವ ಎಲೆಕ್ಟ್ರೊಲೈಟ್ ಎಂಬ ದ್ರವ ಕಾಲಕ್ರಮೇಣ ವಿಘಟನೆಗೊಂಡು ಅನಿಲ ಬಿಡುತ್ತದೆ, ಸುತ್ತಲೂ ಮುಚ್ಚಿದ ತೆಳು ಚೀಲದಿಂದ ಆ ಅನಿಲಕ್ಕೆ ಹೊರಹೋಗುವ ದಾರಿಯಿಲ್ಲದೆ ಚೀಲ ಹಿಗ್ಗುತ್ತದೆ. ಬಿಸಿ ಹೆಚ್ಚಿದಷ್ಟೂ, ಬ್ಯಾಟರಿಯನ್ನು ಸದಾ ಪೂರ್ತಿ ತುಂಬಿದ ಸ್ಥಿತಿಯಲ್ಲಿ ಇಟ್ಟಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ನನ್ನ ಯಂತ್ರಕ್ಕೆ ಆರು ವರ್ಷವಾಗಿತ್ತು, ಆ ಆರು ವರ್ಷವೂ ಅದು ಬಹುಮಟ್ಟಿಗೆ ಚಾರ್ಜರಿಗೆ ಸಿಕ್ಕಿಸಿಕೊಂಡೇ ಕೆಲಸ ಮಾಡಿತ್ತು. ತಕ್ಷಣ ಚಾರ್ಜರನ್ನು ಕಿತ್ತು, ಯಂತ್ರವನ್ನು ಆರಿಸಿ, ಕಾಗದಪತ್ರಗಳಿಂದ ದೂರ, ಬರಿಯ ಕಲ್ಲಿನ ನೆಲದ ಮೇಲೆ ಇಟ್ಟೆ.

ಸಂದರ್ಶನ ಇದ್ದದ್ದು ಬೇರೆ ಊರಿನಲ್ಲಿ, ವಿಮಾನದ ಟಿಕೆಟ್ ಆಗಲೇ ಆಗಿತ್ತು. ಹಾಳಾದ ಅಥವಾ ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಕೈಚೀಲದಲ್ಲಿಯೂ ಇಲ್ಲ, ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿಯೂ ಇಲ್ಲ. ಹೀಗಾಗಿ ಹೇಗೋ ಸಂದರ್ಶನದವರೆಗೆ ಓಡಿಸಿದರಾಯಿತು ಎಂಬ ಯೋಚನೆಗೆ ಅವಕಾಶವೇ ಇರಲಿಲ್ಲ.

ಆ ಸಂದರ್ಶನ ನನಗೇಕೆ ಮುಖ್ಯವಾಗಿತ್ತು ಎಂಬುದನ್ನು ಹೇಳಬೇಕಾದರೆ ಒಂದೂವರೆ ವರ್ಷ ಹಿಂದಕ್ಕೆ ಹೋಗಬೇಕು. ಸರಕು ವಿತರಣೆ ಮಾಡುವ ಕಂಪನಿಯೊಂದರಲ್ಲಿ ನಾನು ಒಂಬತ್ತು ವರ್ಷಗಳಿಂದ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಪ್ರತಿ ತಿಂಗಳ ಕೊನೆಗೆ ದಾಸ್ತಾನಿನ ಒಳಹರಿವು ಹೊರಹರಿವಿನ ಕಡತ ಬರುತ್ತದೆ, ಅದನ್ನು ಎಕ್ಸೆಲ್‌ನಲ್ಲಿ ತೆರೆದು ಮೊತ್ತ ತೆಗೆಯುವುದು ನಮ್ಮ ಪದ್ಧತಿ. ಒಂದು ತಿಂಗಳು ನಾವು ತೆಗೆದ ಮೊತ್ತಕ್ಕೂ ಗೋದಾಮಿನವರ ಮೊತ್ತಕ್ಕೂ ತಾಳೆಯಾಗಲಿಲ್ಲ. ಎಲ್ಲರೂ ಸೂತ್ರಗಳಲ್ಲಿ ತಪ್ಪು ಹುಡುಕುತ್ತಿದ್ದಾಗ, ನಾನು ಯಾವ ಉದ್ದೇಶವೂ ಇಲ್ಲದೆ ಕಡತದ ತಳಕ್ಕೆ ಹೋಗಿ ನೋಡಿದೆ. ಕೊನೆಯ ಸಾಲಿನ ದಿನಾಂಕ 24 ಆಗಿತ್ತು. ಆ ಬಳಿಕದ ದಿನಗಳು ಕಡತದಲ್ಲಿ ಇರಲೇ ಇಲ್ಲ.

ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲುಗಳಷ್ಟೇ ಹಿಡಿಯುತ್ತವೆ, ಎಂದರೆ ಎರಡರ ಇಪ್ಪತ್ತನೆಯ ಘಾತ. ಅದಕ್ಕಿಂತ ದೊಡ್ಡ ಕಡತವನ್ನು ತೆರೆದರೆ ಪೂರ್ತಿ ತುಂಬಲಾಗಲಿಲ್ಲ ಎಂಬ ಸಣ್ಣ ಎಚ್ಚರಿಕೆ ಬರುತ್ತದೆ. ಓಕೆ ಒತ್ತಿದರೆ ಉಳಿದ ಸಾಲುಗಳನ್ನು ಬಿಟ್ಟು ಕಡತ ತೆರೆದುಕೊಳ್ಳುತ್ತದೆ. ನಾವು ಓಕೆ ಒತ್ತಿದ್ದೆವು. ಹಳೆಯ ಬಗೆಯ ಕಡತಗಳಲ್ಲಿ ಈ ಮಿತಿ ಇನ್ನೂ ಚಿಕ್ಕದು, 65,536 ಸಾಲು. 2020ರಲ್ಲಿ ಇಂಗ್ಲೆಂಡಿನ ಕೋವಿಡ್ ಅಂಕಿಅಂಶಗಳಿಂದ 15,841 ಪ್ರಕರಣಗಳು ಕೆಲವು ದಿನಗಳ ಮಟ್ಟಿಗೆ ಬಿಟ್ಟುಹೋದದ್ದೂ ಇಂಥದೇ ಮಿತಿಯಿಂದ. ಆ ಸುದ್ದಿಯನ್ನು ಹಿಂದೆ ಓದಿದ್ದವರಲ್ಲಿ ನಾನೂ ಒಬ್ಬ. ನಮ್ಮ ಕಚೇರಿಯಲ್ಲಿಯೂ ಅದೇ ಆಗಬಹುದೆಂದು ಹೊಳೆದಿರಲಿಲ್ಲ. ಆ ದಿನದಿಂದ ನಾನು ಸಂಜೆಗಳಲ್ಲಿ ಎಸ್‌ಕ್ಯೂಎಲ್ ಎಂಬ, ದತ್ತಾಂಶವನ್ನು ಪ್ರಶ್ನಿಸಿ ಉತ್ತರ ಪಡೆಯುವ ಭಾಷೆ ಕಲಿಯಲು ಕುಳಿತೆ, ಆಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಅದೇ ದಾಸ್ತಾನಿನ ಮಾದರಿಯಲ್ಲಿ, ಕಂಪನಿಯ ಮಾಹಿತಿ ಒಂದಿಷ್ಟೂ ಸೇರದಂತೆ, ನಾನೇ ಹುಟ್ಟುಹಾಕಿದ ಅಂಕಿಗಳಿಂದ ಎಸ್‌ಕ್ಯೂಲೈಟ್ ಎಂಬ, ಎಲ್ಲವನ್ನೂ ಒಂದೇ ಕಡತದಲ್ಲಿ ಇಡುವ ಬಗೆಯ ಡೇಟಾಬೇಸ್ ಕಟ್ಟಿ, ಬಿಟ್ಟುಹೋದ ದಿನ, ಎರಡು ಸಲ ನಮೂದಾದ ಸರಕು ಇವುಗಳನ್ನು ಹುಡುಕಿ ಕೊಡುವ ಪ್ರೋಗ್ರಾಮ್‌ಗಳನ್ನು ಬರೆದೆ. ದತ್ತಾಂಶ ವಿಶ್ಲೇಷಕರ ಹುದ್ದೆಗೆ ಅರ್ಜಿ ಹಾಕುವ ಧೈರ್ಯ ಬಂದದ್ದು ಆ ಕೆಲಸದಿಂದ. ಸಂದರ್ಶನದಲ್ಲಿ ಅದನ್ನೇ ತೋರಿಸಬೇಕೆಂದು ಅವರು ಕೇಳಿದ್ದರು. ಅದು ಇದ್ದದ್ದು ಉಬ್ಬಿದ ಲ್ಯಾಪ್‌ಟಾಪಿನಲ್ಲಿ.

ದುರಸ್ತಿ ಮಾಡುವವರು ಯಂತ್ರವನ್ನು ನೋಡಿದೊಡನೆ, "ಇದನ್ನು ಇನ್ನು ಚಾರ್ಜಿಗೆ ಹಾಕಬೇಡಿ, ಮನೆಯಲ್ಲಿಯೂ ಇಟ್ಟುಕೊಳ್ಳಬೇಡಿ" ಎಂದರು. ಲೋಹದ ಪಟ್ಟಿಯನ್ನು ಬದಿಗಿಟ್ಟು, ತೆಳುವಾದ ಪ್ಲಾಸ್ಟಿಕ್ ಪಟ್ಟಿಯಿಂದ ಅಂಟನ್ನು ಸ್ವಲ್ಪಸ್ವಲ್ಪವೇ ಬಿಡಿಸುತ್ತ, ಬ್ಯಾಟರಿಯನ್ನು ಎಲ್ಲಿಯೂ ಬಗ್ಗಿಸದೆ, ಚುಚ್ಚದೆ ಹೊರತೆಗೆದದ್ದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಮೂರು ಕೋಶಗಳಲ್ಲಿ ಎರಡು ತಲೆದಿಂಬಿನಂತಾಗಿದ್ದವು. ತುದಿಗಳಿಗೆ ಟೇಪ್ ಸುತ್ತಿ ಮರಳು ತುಂಬಿದ ಡಬ್ಬಿಯೊಳಗಿಟ್ಟು, ಇ-ತ್ಯಾಜ್ಯದವರಿಗೆ ತಾವೇ ಒಪ್ಪಿಸುವುದಾಗಿ ಹೇಳಿದರು. ಆ ಮಾದರಿಯ ಅಸಲಿ ಬ್ಯಾಟರಿ ತರಿಸಲು ಮೂರು ವಾರ ಬೇಕಿತ್ತು. ಬ್ಯಾಟರಿ ಇಲ್ಲದೆ ಆ ಯಂತ್ರ ಚಾಲೂ ಆಗುತ್ತಿರಲಿಲ್ಲ. ಒಳಗಿನ ಎಸ್‌ಎಸ್‌ಡಿಯನ್ನು, ಎಂದರೆ ಕಡತಗಳೆಲ್ಲ ಉಳಿಯುವ ಡಿಸ್ಕನ್ನು, ಬಿಚ್ಚಿ ಚಿಕ್ಕದೊಂದು ಪೊಟ್ಟಣದಲ್ಲಿ ನನ್ನ ಕೈಗಿತ್ತರು. ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟೇ ಇದ್ದ ಅದರಲ್ಲಿ ಒಂದೂವರೆ ವರ್ಷದ ಸಂಜೆಗಳೆಲ್ಲ ಇದ್ದವು.

ಹೊಸ ಯಂತ್ರ ಕೊಳ್ಳುವುದು ಅನಿವಾರ್ಯವಾಯಿತು. ಮೊದಲ ಎರಡು ದಿನ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಪಟ್ಟಿಗಳನ್ನು ಓದುವುದು, ಹೋಲಿಸುವುದು, ಇನ್ನೊಂದು ಮೆಟ್ಟಿಲು ಮೇಲಿನದನ್ನು ನೋಡುವುದು. ಒಂದೇ ಹೆಸರಿನ ಲ್ಯಾಪ್‌ಟಾಪ್ ನಾಲ್ಕು ಬಗೆಯಲ್ಲಿ ಇರುತ್ತಿತ್ತು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರ ಯು ಆದರೆ ವಿದ್ಯುತ್ ಉಳಿಸುವ ಬಗೆ, ಎಚ್ ಆದರೆ ಹೆಚ್ಚು ಶಕ್ತಿಯದು, ಹೆಚ್ಚು ಬಿಸಿಯಾಗುವುದು ಎಂಬ ವ್ಯತ್ಯಾಸ ದೊಡ್ಡ ಅಕ್ಷರಗಳ ಜಾಹೀರಾತಿನಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ. ರಿಯಾಯಿತಿ ಮುಗಿಯಲು ಇನ್ನು ಹದಿನೈದು ನಿಮಿಷ ಎಂದು ಎಣಿಸುತ್ತಿದ್ದ ಗಡಿಯಾರವೊಂದು ಪುಟವನ್ನು ಮತ್ತೆ ತೆರೆದಾಗ ಮತ್ತೆ ಹದಿನೈದರಿಂದಲೇ ಎಣಿಸತೊಡಗಿತು. ಕೊಳ್ಳುವವರ ಆತುರವನ್ನು ಹೀಗೆ ಬಳಸಿಕೊಳ್ಳುವುದು ತಪ್ಪೆಂದು ನಾನು ಗಟ್ಟಿಯಾಗಿ ನಂಬುತ್ತೇನೆ, ಆ ತಾಣವನ್ನು ಅಲ್ಲಿಗೇ ಬಿಟ್ಟೆ.

ಮೂರನೆಯ ದಿನ ದಾರಿ ಬದಲಿಸಿದೆ. ಏನು ಸಿಗುತ್ತದೆ ಎಂದು ನೋಡುವ ಬದಲು ನನ್ನ ಕೆಲಸಕ್ಕೆ ಏನು ಬೇಕು ಎಂಬುದನ್ನು ಅಳೆದರೆ ಹೇಗೆ ಎನಿಸಿತು. ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ, ನಾನು ಎಂದಿನಂತೆ ಕೆಲಸ ಮಾಡುವ ರೀತಿಯಲ್ಲಿಯೇ, ಹದಿನೈದು ಲಕ್ಷ ಸಾಲಿನ ಕಡತ ತೆರೆದು, ಬ್ರೌಸರಿನಲ್ಲಿ ಹತ್ತಾರು ಪುಟ ಇಟ್ಟುಕೊಂಡು, ಯಂತ್ರದ ಯಾವ ಭಾಗ ಎಷ್ಟು ಬಳಕೆಯಾಗುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರನ್ನು ಪಕ್ಕದಲ್ಲಿ ತೆರೆದಿಟ್ಟೆ. ಪ್ರೊಸೆಸರ್ ಬಳಕೆ ಬಹಳ ಹೊತ್ತು ಶೇಕಡ 30ರ ಆಸುಪಾಸಿನಲ್ಲೇ ಇತ್ತು. ಮೆಮೊರಿ, ಎಂದರೆ ರ್‍ಯಾಮ್, ಮಾತ್ರ 11 ಜಿಬಿ ದಾಟಿತು. ನನ್ನ ಹಳೆಯ ಯಂತ್ರದಲ್ಲಿ ಇದ್ದದ್ದು 8 ಜಿಬಿ. ಆರು ವರ್ಷಗಳಿಂದ ನಿಧಾನ ಎಂದು ನಾನು ದೂರುತ್ತಿದ್ದುದು ಪ್ರೊಸೆಸರಿನ ದೋಷವಾಗಿರಲಿಲ್ಲ. ಮೆಮೊರಿ ಸಾಲದೆ ಯಂತ್ರ ಅರ್ಧ ಕೆಲಸವನ್ನು ಡಿಸ್ಕಿಗೆ ತಳ್ಳಿ ಮತ್ತೆ ಎಳೆದುಕೊಳ್ಳುತ್ತಿತ್ತು. ಆ ಒಂದು ಗಂಟೆಯ ಅಳತೆಯಿಂದ ಪಟ್ಟಿಯ ಮುಕ್ಕಾಲು ಭಾಗ ತಾನಾಗಿ ಉದುರಿಹೋಯಿತು. ಪ್ರಬಲ ಪ್ರೊಸೆಸರ್ ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ, 16 ಜಿಬಿ ಮೆಮೊರಿ ಬೇಕೇ ಬೇಕು, ಅದೂ ಮೊದಲೇ ಇರಬೇಕು. ಏಕೆಂದರೆ ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಸೇರಿಸಲು ಬರುವುದಿಲ್ಲ.

ಉಳಿದದ್ದನ್ನು ಅಂಗಡಿಯಲ್ಲಿ ಕೈಯಿಂದ ಮುಟ್ಟಿ ತೀರ್ಮಾನಿಸಿದೆ. ಮೂರು ಯಂತ್ರಗಳಲ್ಲಿ ಒಂದೇ ಪ್ಯಾರಾವನ್ನು ಟೈಪ್ ಮಾಡಿದೆ. ಒಂದರ ಪರದೆ ಕನ್ನಡಿಯಂತೆ ಮೇಲಿನ ದೀಪವನ್ನೇ ತೋರಿಸುತ್ತಿತ್ತು, ಇನ್ನೊಂದರ ಎಂಟರ್ ಕೀ ಬೆರಳಿಗೆ ಸಿಗದಷ್ಟು ಕಿರಿದು. ಯುಎಸ್‌ಬಿ-ಸಿ ತೂತು ಇದ್ದ ಮಾತ್ರಕ್ಕೆ ಅದರಿಂದ ಪ್ರೊಜೆಕ್ಟರಿಗೆ ಚಿತ್ರ ಹೋಗುತ್ತದೆ ಎಂದಿಲ್ಲ. ಆಕಾರ ಒಂದೇ ಆದರೂ ಕೆಲವು ಚಾರ್ಜ್ ಮತ್ತು ದತ್ತಾಂಶಕ್ಕೆ ಮಾತ್ರ. ಅಂಗಡಿಯವರನ್ನು ಕೇಳಿ, ಅಲ್ಲಿದ್ದ ಪರದೆಯೊಂದಕ್ಕೆ ಸಿಕ್ಕಿಸಿ ಚಿತ್ರ ಮೂಡುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಬಿಲ್ ಮಾಡಿಸಿದೆ.

ಅಂದಿನ ರಾತ್ರಿಯೇ ದೊಡ್ಡ ತೊಡಕು ಎದುರಾದದ್ದು. ಹಳೆಯ ಎಸ್‌ಎಸ್‌ಡಿಯನ್ನು ಹೊರಪೆಟ್ಟಿಗೆಯೊಂದರಲ್ಲಿ ಕೂರಿಸಿ ಹೊಸ ಯಂತ್ರಕ್ಕೆ ಜೋಡಿಸಿದಾಗ ಕಡತಗಳ ಬದಲು ಬೀಗದ ಗುರುತು ಕಾಣಿಸಿತು: ಬಿಟ್‌ಲಾಕರ್ ರಿಕವರಿ ಕೀ ಕೊಡಿ, 48 ಅಂಕಿ. ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವ ಈ ವ್ಯವಸ್ಥೆ ನನ್ನ ಯಂತ್ರದಲ್ಲಿ ಚಾಲನೆಯಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಡಿಸ್ಕ್ ತನ್ನ ಮೂಲ ಬೋರ್ಡಿನ ಭದ್ರತಾ ಚಿಪ್ಪಿನ ಜೊತೆ ಇರುವವರೆಗೆ ಬೀಗ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ, ಬೇರೆ ಯಂತ್ರಕ್ಕೆ ಹಾಕಿದೊಡನೆ ಕೀ ಕೇಳುತ್ತದೆ. ಕಳ್ಳತನವಾದಾಗ ಇದೇ ನಮ್ಮನ್ನು ಕಾಯುವುದು, ಆ ಮಾತು ನಿಜ. ಆದರೆ ಆ ರಾತ್ರಿ ಹನ್ನೊಂದು ಗಂಟೆಗೆ ನನ್ನದೇ ಕೆಲಸದ ಹೊಸ್ತಿಲಲ್ಲಿ ನಾನು ಹೊರಗಿನವನಾಗಿ ನಿಂತಿದ್ದೆ. ಉಳಿದ ಕಾಗದಪತ್ರಗಳು ಕ್ಲೌಡಿನಲ್ಲಿ ಇದ್ದವು. ಈ ದತ್ತಾಂಶದ ಕಡತ ಮಾತ್ರ ಉಚಿತ ಜಾಗದಲ್ಲಿ ಹಿಡಿಯದಷ್ಟು ದೊಡ್ಡದಾಯಿತೆಂದು ಎರಡು ತಿಂಗಳ ಹಿಂದೆ ನಾನೇ ಅದನ್ನು ಆ ಫೋಲ್ಡರಿನಿಂದ ಹೊರಗಿಟ್ಟಿದ್ದೆ.

ಇಂಥ ಕೀಲಿ ಸಾಮಾನ್ಯವಾಗಿ ಯಂತ್ರವನ್ನು ಮೊದಲು ಸಜ್ಜುಗೊಳಿಸಿದಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ ಎಂದು ಓದಿದೆ. ಆ ಖಾತೆ ನಾನು ಬಿಟ್ಟು ನಾಲ್ಕು ವರ್ಷವಾದ ಹಳೆಯ ಇಮೇಲಿನದು. ಪಾಸ್‌ವರ್ಡ್ ನೆನಪಿಗೆ ಬಂತು, ಆದರೆ ದೃಢೀಕರಣದ ಸಂಖ್ಯೆಯನ್ನು ಅದು ಕಳಿಸುತ್ತಿದ್ದದ್ದು ಈಗ ನನ್ನ ಬಳಿ ಇಲ್ಲದ ಫೋನ್ ನಂಬರಿಗೆ. ಬೇರೆ ದಾರಿ ಇದೆಯೇ ಎಂದು ನೋಡಿದಾಗ ದೃಢೀಕರಣ ಆ್ಯಪಿನ ಆಯ್ಕೆ ಕಾಣಿಸಿತು. ಫೋನಿನಲ್ಲಿ ಆ ಆ್ಯಪ್ ತೆರೆದು ಉದ್ದ ಪಟ್ಟಿಯ ಕೊನೆಗೆ ಇಳಿದೆ. ಎಂದೋ ಸೇರಿಸಿದ್ದ ಆ ಖಾತೆ ಅಲ್ಲಿ ಇತ್ತು, 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಗಳನ್ನು ಇಷ್ಟು ವರ್ಷ ಯಾರೂ ನೋಡದಿದ್ದರೂ ತೋರಿಸುತ್ತಲೇ ಇತ್ತು. ಖಾತೆ ತೆರೆಯಿತು. ಅಲ್ಲಿದ್ದ ಎರಡು ಕೀಲಿಗಳ ಗುರುತಿನ ಮೊದಲ ಎಂಟು ಅಕ್ಷರಗಳನ್ನು ಪರದೆಯ ಮೇಲಿನದಕ್ಕೆ ಹೋಲಿಸಿ, ಸರಿಯಾದುದನ್ನು ಆರಿಸಿ, ಆರಾರು ಅಂಕಿಗಳ ಎಂಟು ಗುಂಪುಗಳನ್ನು ಒಂದೊಂದಾಗಿ ಟೈಪ್ ಮಾಡಿದೆ. ಪ್ರತಿ ಗುಂಪೂ 11ರಿಂದ ಭಾಗವಾಗುವ ಸಂಖ್ಯೆಯಾಗಿರುತ್ತದೆ, ಹೀಗಾಗಿ ಒಂದು ಅಂಕಿ ತಪ್ಪಿದರೂ ಅದು ಪತ್ತೆಯಾಗುತ್ತದೆ ಎಂಬುದನ್ನು ಆಮೇಲೆ ಓದಿ, ಅದನ್ನು ರೂಪಿಸಿದವರ ಬಗ್ಗೆ ಗೌರವ ಮೂಡಿತು. ಕೊನೆಯ ಗುಂಪು ಮುಗಿದೊಡನೆ ಫೋಲ್ಡರುಗಳು ಸಾಲಾಗಿ ಮೂಡಿದವು. ದತ್ತಾಂಶದ ಕಡತವನ್ನು ತೆರೆದು ಮೊದಲು ಮಾಡಿದ್ದು ಸಾಲುಗಳನ್ನು ಎಣಿಸಿದ್ದು. ಎಲ್ಲವೂ ಇದ್ದವು.

ಪ್ರಯಾಣಕ್ಕೆ ನಾಲ್ಕು ದಿನ ಉಳಿದಿತ್ತು. ಆ ಟಾಸ್ಕ್ ಮ್ಯಾನೇಜರಿನ ಗಂಟೆ ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಯಂತ್ರವನ್ನು ಕೊಳ್ಳುವ ಮುನ್ನ ಕೆಲಸವನ್ನು ಅಳೆದ ನಾನು, ಕೆಲಸವನ್ನು ಬದಲಿಸುವ ಮುನ್ನ ಏನನ್ನು ಅಳೆದಿದ್ದೆ? ಲೆಕ್ಕಪತ್ರದ ಕೆಲಸ ಬೇಸರ ತಂದಿದೆ ಎಂಬ ಮಾತನ್ನು ಎಲ್ಲರ ಮುಂದೆ ಹೇಳುತ್ತಿದ್ದೆ, ಆದರೆ ಯಾವ ಭಾಗ, ಎಷ್ಟು ಹೊತ್ತು ಎಂದು ಕೇಳಿದರೆ ಉತ್ತರ ಇರಲಿಲ್ಲ. ಹಿಂದಿನ ಒಂದು ತಿಂಗಳ ಕ್ಯಾಲೆಂಡರ್, ಕಳಿಸಿದ ಇಮೇಲುಗಳು, ಕಡತಗಳನ್ನು ಉಳಿಸಿದ ಸಮಯ ಇವುಗಳನ್ನು ಮುಂದಿಟ್ಟುಕೊಂಡು ವಾರಕ್ಕೆ ಸುಮಾರು 45 ಗಂಟೆಗಳು ಎಲ್ಲಿ ಹೋಗುತ್ತಿವೆ ಎಂದು ಬರೆದೆ. ತಾಳೆಯಾಗದ ಲೆಕ್ಕದ ಮೂಲ ಹುಡುಕುವುದಕ್ಕೆ, ಎಂದರೆ ಹೊತ್ತು ಹೋದದ್ದೇ ತಿಳಿಯದಂತೆ ನಾನು ಮಾಡುವ ಕೆಲಸಕ್ಕೆ, ಸಿಗುತ್ತಿದ್ದದ್ದು 7 ಗಂಟೆ. ಉಳಿದದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಂಕಿಗಳನ್ನು ಸಾಗಿಸುವುದು, ಸಹಿಗೆ ಕಾಯುವುದು, ಸಭೆ. ಅನಿರೀಕ್ಷಿತವಾದ ಇನ್ನೊಂದು ವಿಷಯವೂ ಆ ಹಾಳೆಯಲ್ಲಿ ಹೊರಬಿತ್ತು: ಗೋದಾಮಿನವರೊಡನೆ ಫೋನಿನಲ್ಲಿ ಮಾತಾಡಿ ಅಂಕಿಗಳ ಹಿಂದಿನ ಸಂಗತಿ ತಿಳಿಯುವ ಹೊತ್ತು ನನಗೆ ಇಷ್ಟವಾದದ್ದೇ ಆಗಿತ್ತು. ದಿನವಿಡೀ ಯಾರೊಡನೆಯೂ ಮಾತಿಲ್ಲದೆ ಪರದೆ ನೋಡುವ ಕೆಲಸ ನನಗೆ ಒಗ್ಗುವುದಿಲ್ಲ ಎಂಬುದು ಅಲ್ಲಿ ತಿಳಿಯಿತು. ಸಂದರ್ಶನದಲ್ಲಿ ಅವರನ್ನು ಕೇಳಬೇಕಾದ ಪ್ರಶ್ನೆ ನನಗೆ ಸಿಕ್ಕಿತು.

ಪ್ರಯಾಣದ ಹಿಂದಿನ ರಾತ್ರಿ ಚೀಲ ತುಂಬುವಾಗ ಪವರ್ ಬ್ಯಾಂಕಿನ ಲೆಕ್ಕ ಹಾಕಿದೆ. ಸಾಮಾನ್ಯವಾಗಿ 100 ವ್ಯಾಟ್ ಗಂಟೆಯವರೆಗಿನದನ್ನು ಕೈಚೀಲದಲ್ಲಿ ಒಯ್ಯಬಹುದು, ಅದರ ಮೇಲೆ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು. ನನ್ನದರ 20,000 ಎಂಎಎಚ್ (ಮಿಲಿ ಆಂಪಿಯರ್ ಗಂಟೆ) ಅನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74, ಹೀಗಾಗಿ ಚಿಂತೆಯಿಲ್ಲ. ಬಿಡಿ ಬ್ಯಾಟರಿಗಳನ್ನು ಸರಕಿನ ಪೆಟ್ಟಿಗೆಯಲ್ಲಿ ಇಡಬಾರದೆಂಬ ನಿಯಮ ಹಿಂದೆ ನನಗೆ ಬರಿಯ ಕಿರಿಕಿರಿಯಾಗಿ ಕಾಣುತ್ತಿತ್ತು. ಕ್ಯಾಬಿನ್ನಿನಲ್ಲಿ ಹೊಗೆ ಬಂದರೆ ಯಾರಾದರೂ ನೋಡುತ್ತಾರೆ, ನೀರು ಸುರಿದು ತಣಿಸಬಹುದು. ಕೆಳಗಿನ ಸರಕಿನ ಕೋಣೆಯಲ್ಲಿ ಯಾರ ಕೈಯೂ ತಲುಪುವುದಿಲ್ಲ. ತಲೆದಿಂಬಿನಂತಾಗಿದ್ದ ಆ ಎರಡು ಕೋಶಗಳನ್ನು ನೋಡಿದ ಮೇಲೆ ನಿಯಮ ಬೇರೆಯಾಗಿ ಕಂಡಿತು. ಪ್ರಯಾಣದಲ್ಲಿ ಹೇಳುವಂಥ ಸಂಗತಿ ಬೇರೇನೂ ನಡೆಯಲಿಲ್ಲ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ಅಡಾಪ್ಟರ್ ಸಿಕ್ಕಿಸಿದೊಡನೆ ಗೋಡೆಯ ಪರದೆಯಲ್ಲಿ ಚಿತ್ರ ಮೂಡಿತು. ನಾನು ಬರೆದ ಪ್ರೋಗ್ರಾಮ್‌ಗಳನ್ನು ಅವರು ಹತ್ತು ನಿಮಿಷ ನೋಡಿರಬಹುದು. ಉಳಿದ ಮುಕ್ಕಾಲು ಗಂಟೆ ಕೇಳಿದ್ದು ಆ 24ನೆಯ ತಾರೀಖಿನ ಬಗ್ಗೆ. "ನೀವು ಕಡತದ ತಳಕ್ಕೆ ಹೋಗಿ ನೋಡಿದ್ದೇಕೆ?" "ಹಿಂದಿನ ತಿಂಗಳುಗಳಲ್ಲಿ ಹೀಗಾಗಿತ್ತೇ ಎಂದು ಪರೀಕ್ಷಿಸಿದಿರಾ?" ಪರೀಕ್ಷಿಸಿದ್ದೆ, ಇನ್ನೂ ಎರಡು ತಿಂಗಳು ಹಾಗೆಯೇ ಆಗಿತ್ತು. ಆಗ ಅಲ್ಲಿಯವರೆಗೆ ಸುಮ್ಮನಿದ್ದ ಹಿರಿಯರೊಬ್ಬರು, "ಮೂರು ತಿಂಗಳ ವರದಿ ತಪ್ಪಾಗಿದೆ ಎಂದು ಮೇಲಿನವರಿಗೆ ಹೇಗೆ ಹೇಳಿದಿರಿ?" ಎಂದು ಕೇಳಿದರು. ಆ ವರದಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ ಎಂಬುದರಿಂದ ಆರಂಭಿಸಿದೆ, ಸರಿಪಡಿಸಿದ ಅಂಕಿಗಳನ್ನು ಸಿದ್ಧಮಾಡಿಕೊಂಡೇ ಹೋದೆ ಎಂದೆ. ಅವರು ಏನನ್ನೋ ಬರೆದುಕೊಂಡರು. ನನ್ನ ಸರದಿ ಬಂದಾಗ, ಇಲ್ಲಿಯ ಒಬ್ಬ ವಿಶ್ಲೇಷಕರ ಕಳೆದ ವಾರ ಹೇಗೆ ಹೋಯಿತೆಂದು ಗಂಟೆಗಳ ಲೆಕ್ಕದಲ್ಲಿ ಹೇಳಬಹುದೇ ಎಂದು ಕೇಳಿದೆ. ಅರ್ಧದಷ್ಟು ಹೊತ್ತು ದತ್ತಾಂಶವನ್ನು ಶುಚಿಗೊಳಿಸುವುದರಲ್ಲಿ, ಒಂದು ದಿನ ಪೂರ್ತಿ ದತ್ತಾಂಶ ಕೊಡುವ ವಿಭಾಗಗಳವರೊಡನೆ ಮಾತಿನಲ್ಲಿ ಹೋಗುತ್ತದೆ ಎಂದರು. ಅದನ್ನು ಕ್ಷಮೆ ಕೇಳುವ ಧಾಟಿಯಲ್ಲಿ ಹೇಳಿದರು, ನನಗೆ ಮಾತ್ರ ಅದು ಒಳ್ಳೆಯ ಸುದ್ದಿಯಾಗಿತ್ತು.

ಮೂರು ವಾರದ ನಂತರ ನೇಮಕದ ಪತ್ರ ಬಂತು. ಹುದ್ದೆ ಈಗಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಕ್ಷೇತ್ರ ಬದಲಾದಾಗ ಅದು ಸಹಜವೆಂದು ಒಪ್ಪಿಕೊಳ್ಳಲು ಎರಡು ರಾತ್ರಿ ಬೇಕಾಯಿತು. ಒಂಬತ್ತು ವರ್ಷ ಗಳಿಸಿದ ಸ್ಥಾನ ಬಿಡುವುದು ಹಗುರವಾದ ಮಾತಲ್ಲ. ಗಂಟೆಗಳ ಆ ಹಾಳೆಯನ್ನು ಮತ್ತೆ ತೆಗೆದು ಓದಿ, ಒಪ್ಪಿಗೆ ಬರೆದು ಕಳಿಸಿದೆ.

ಹೊಸ ಲ್ಯಾಪ್‌ಟಾಪಿನ ಬ್ಯಾಟರಿ ಈಗ ಶೇಕಡ 80ಕ್ಕೆ ನಿಲ್ಲುವಂತೆ ಮಿತಿ ಹಾಕಿದ್ದೇನೆ. ದತ್ತಾಂಶದ ಕಡತದ ಒಂದು ಪ್ರತಿ ಹೊರಡಿಸ್ಕಿನಲ್ಲಿ, ಒಂದು ಕ್ಲೌಡಿನಲ್ಲಿ ವಾರಕ್ಕೊಮ್ಮೆ ಹೋಗುತ್ತದೆ. ಹೊಸ ಯಂತ್ರದ 48 ಅಂಕಿಗಳನ್ನು ಕಾಗದದಲ್ಲಿ ಮುದ್ರಿಸಿ ಪದವಿ ಪ್ರಮಾಣಪತ್ರಗಳ ಜೊತೆ ಇಟ್ಟಿದ್ದೇನೆ. ಹಳೆಯ ಕಚೇರಿಯಲ್ಲಿ ನನಗೆ ಇನ್ನು ನಲವತ್ತು ದಿನ ಉಳಿದಿದೆ, ನನ್ನ ಜಾಗಕ್ಕೆ ಬರುವವರಿಗಾಗಿ ಟಿಪ್ಪಣಿ ಬರೆಯುತ್ತಿದ್ದೇನೆ. ಅದರ ಮೊದಲ ಸಾಲು: ಮೊತ್ತ ತೆಗೆಯುವ ಮೊದಲು ಕಡತದ ಕೊನೆಯ ದಿನಾಂಕ ನೋಡಿರಿ.